ಕಾರವಾರದಲ್ಲಿ ಫುಟ್ಬಾಲ್ ಆಟಗಾರರಿಗೆ ಪ್ರತಿಮೆ ಬೇಕೇ?

ಪ್ರಶ್ನೆ: ಗೋವಾದ ಕಲಂಗುಟ್‌ನಲ್ಲಿ 2021ರಲ್ಲಿ ರೊನಾಲ್ಡೊ ಪ್ರತಿಮೆ ನಿಲ್ಲಿಸಿದರು. ನಮ್ಮ ಹಳೆಯ ಆಟಗಾರರಿಗೂ ಕಾರವಾರದ ಕಡಲತೀರದಲ್ಲಿ ಒಂದು ಮಾಡಬಹುದಲ್ಲವೇ? ಯಾವ ಲೋಹ ಬಾಳಿಕೆ ಬರುತ್ತದೆ?

ಉತ್ತರ: ಖಂಡಿತ ಆಗಲಿ, ಆದರೆ ಊರಿನವರದ್ದೇ ಆಗಲಿ. ಗೋವಾದವರನ್ನು ಬಿಟ್ಟು ಹೊರಗಿನವರನ್ನು ನಿಲ್ಲಿಸಿದರೆಂದೇ ಅಲ್ಲಿ ಕಪ್ಪು ಬಾವುಟ ಹಾರಿದ್ದು. ಆದರೆ ರಸ್ತೆ, ಫುಟ್‌ಪಾತ್ ಮೇಲೆ ಜಾಗ ಕೇಳಬೇಡಿ. ಅಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂಬ 2013ರ ಜನವರಿ 18ರ ಸುಪ್ರೀಂ ಕೋರ್ಟ್ ಆದೇಶ ಅಡ್ಡ ಬರುತ್ತದೆ. ಮೈದಾನದ ಆವರಣವಾದರೂ ಜಾಗ ಯಾರ ಹೆಸರಲ್ಲಿದೆ ಎಂದು ಮೊದಲು ಪಹಣಿ ನೋಡಿ.

ಉತ್ತರ: ಕಂಚೇ ಹಾಕಿಸಿ ಸರ್. ಫೈಬರ್ ಅಗ್ಗ, ಆದರೆ ಬಿಸಿಲಿಗೆ ಮೇಲ್ಪದರ ಪುಡಿಯಾಗಿ ಒಳಗಿನ ನಾರು ಕಾಣುತ್ತದೆ. ಸತು ಹೆಚ್ಚಿರುವ ಹಿತ್ತಾಳೆಯಾದರೆ ಉಪ್ಪುಗಾಳಿ ಸತುವನ್ನು ತಿಂದು, ಪೊಳ್ಳು ತಾಮ್ರ ಉಳಿಯುತ್ತದೆ. ಮೊದಲು ಕೈಕೊಡುವುದು ಬುಡದ ಬೋಲ್ಟು. ಸಾದಾ ಉಕ್ಕು ಕಂಚಿಗೆ ತಾಗಿ ಉಪ್ಪುನೀರಲ್ಲಿ ನೆನೆದರೆ ಬೇಗ ತುಕ್ಕು ಹಿಡಿದು ಉಬ್ಬಿ, ಪೀಠದ ಕಾಂಕ್ರೀಟನ್ನೇ ಸೀಳುತ್ತದೆ. 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟೇ ಬೇಕು, ನಡುವೆ ನೈಲಾನ್ ವಾಷರ್. ಚೆಂಡು ಒದೆಯುವ ಭಂಗಿಯಾದರೆ ಇಡೀ ಭಾರ ಒಂದೇ ಕಾಲಿಗೆ. ಆ ಕಾಲೊಳಗಿನ ಸರಳು ಪೀಠದೊಳಕ್ಕೆ ಇಳಿಯಲಿ. ಪಾದದಲ್ಲಿ ನೀರು ಬಸಿಯುವ ತೂತು ಮರೆಯಬೇಡಿ.

ಉತ್ತರ: ವರ್ಷಾ ವರ್ಷಾ ಮೇ ತಿಂಗಳಲ್ಲಿ ಸಿಹಿನೀರಿನಿಂದ ತೊಳೆದು, ಪೂರ್ತಿ ಒಣಗಿಸಿ ಮೇಣ ಹಚ್ಚಬೇಕು. ಒದ್ದೆಯ ಮೇಲೆ ಹಚ್ಚಿದರೆ ಉಪ್ಪು ಅಡಿಯಲ್ಲೇ ಉಳಿದು ತಿಳಿಹಸಿರು ಪುಡಿ ಏಳುತ್ತದೆ. ಈ ಖರ್ಚು ಯಾರದ್ದೆಂದು ಠರಾವಿನಲ್ಲೇ ಬರೆಸಿ.