ಅಪ್‌ಡೇಟ್: ಅಪ್ಪನ ಮಹಾಪಧಮನಿ ಶಸ್ತ್ರಚಿಕಿತ್ಸೆ ಮುಗಿಯಿತು, ಕಾಲು ಆಡುತ್ತಿದೆ

ಎದೆಯಿಂದ ಹೊಟ್ಟೆಯವರೆಗೆ ಉಬ್ಬಿದ ಮಹಾಪಧಮನಿಯ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಶಸ್ತ್ರಚಿಕಿತ್ಸೆಯಲ್ಲಿ ಬೆನ್ನುಹುರಿಗೆ ರಕ್ತ ಕಡಿಮೆಯಾಗಿ ಅಪ್ಪನ ಕಾಲುಗಳು ಸ್ವಾಧೀನ ಕಳೆದುಕೊಂಡರೆ ಏನು ಗತಿ ಎಂದು ಕೇಳಿದ್ದೆನಲ್ಲ, ಬೆಂಗಳೂರಿನಲ್ಲಿ ಎಲ್ಲ ಮುಗಿದು ತುಮಕೂರಿಗೆ ಬಂದಿದ್ದೇವೆ. ‘ಬೆನ್ನುಹುರಿಯ ದ್ರವ ಬಸಿಯುವ ನಳಿಕೆ ಹಾಕುತ್ತಾರೆಯೇ ವಿಚಾರಿಸಿ’ ಎಂದವರಿಗೆ ದೊಡ್ಡ ನಮಸ್ಕಾರ. ಅದೇ ಕೈಹಿಡಿಯಿತು. ಎಚ್ಚರವಾದಾಗ ಎರಡೂ ಕಾಲು ಆಡಿಸಿದ್ದ ಅಪ್ಪನಿಗೆ ಮರುದಿನ ಬಲಗಾಲು ಎತ್ತಲಾಗಲಿಲ್ಲ! ತೊಂದರೆ ಹೀಗೆ ತಡವಾಗಿಯೂ ಬರುತ್ತದೆಂದು ಆಗಲೇ ತಿಳಿದದ್ದು. ಔಷಧಿಯಿಂದ ರಕ್ತದೊತ್ತಡ ಏರಿಸಿ, ದ್ರವವನ್ನು ಇನ್ನಷ್ಟು ಬಸಿದರು. ಹುರಿಯ ಸುತ್ತಲಿನ ಒತ್ತಡ ಇಳಿದರೆ ಅದಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ. ಸಂಜೆಯ ಹೊತ್ತಿಗೆ ಕಾಲು ಎದ್ದಿತು. ಬಿ.ಪಿ. ಇಳಿದಷ್ಟೂ ಕ್ಷೇಮ ಎಂದಿದ್ದವರ ಮಾತು ಇಲ್ಲಿ ತಲೆಕೆಳಗು. ಸ್ಟೆಂಟ್ ಗ್ರಾಫ್ಟ್ (ರಕ್ತನಾಳದೊಳಗೆ ಕೂರಿಸುವ ಕೊಳವೆ) ಆದರೆ ಈ ಭಯವೇ ಇಲ್ಲ ಎಂಬುದೂ ಸರಿಯಲ್ಲ, ಅದರಲ್ಲೂ ಅಪಾಯವಿದೆ. ನಳಿಕೆ ತೆಗೆದ ಮೇಲೆ ತಲೆನೋವು ಬಂದರೆ ವೈದ್ಯರಿಗೆ ತಕ್ಷಣ ತಿಳಿಸಿ.