ಖಾಲಿ ಜಾಗದಲ್ಲಿ ಬೇರೆಯವರು ಸುರಿದ ಕಸವನ್ನು ತೆಗೆಸುವ ಹೊಣೆ ಯಾರದು?

ಪ್ರಶ್ನೆ: ಬಿಕರ್ನಕಟ್ಟೆ ನಿವಾಸಿ

ಎಲ್ಲರಿಗೂ ನಮಸ್ಕಾರ. ಮಂಗಳೂರಿನಲ್ಲಿ ನಮ್ಮ ಮನೆಗೆ ತಾಗಿಕೊಂಡು ಸುಮಾರು ಹತ್ತು ಸೆಂಟ್ಸ್ ಖಾಲಿ ಜಾಗವಿದೆ. ಜಾಗದವರು ಮುಂಬೈಯಲ್ಲಿದ್ದಾರೆ. ರಸ್ತೆ ಬದಿಯ ಮುರಕಲ್ಲಿನ ಕಾಂಪೌಂಡ್ ಕುಸಿದ ಮೇಲೆ, ರಾತ್ರಿ ಸ್ಕೂಟರಿನಲ್ಲಿ ಬಂದವರು ಅಲ್ಲಿ ಕಸದ ಚೀಲ ಎಸೆದು ಹೋಗುವುದು ವಾಡಿಕೆಯಾಗಿಬಿಟ್ಟಿದೆ. ಮಳೆ ಹಿಡಿದಂದಿನಿಂದ ಬೊಂಡದ ಚಿಪ್ಪುಗಳಲ್ಲಿ ನೀರು ನಿಂತು ಸೊಳ್ಳೆಮರಿಗಳು ಆಡುತ್ತಿವೆ, ಕೋಳಿ ಅಂಗಡಿಯ ತ್ಯಾಜ್ಯ ಕೊಳೆತ ನೀರು ರಸ್ತೆ ಬದಿಯ ತೋಡಿಗೆ ಇಳಿಯುತ್ತಿದೆ. ಖಾಸಗಿ ಜಾಗದೊಳಗೆ ಕಾಲಿಡುವಂತಿಲ್ಲ ಎಂದು ಪೌರಕಾರ್ಮಿಕರು ಹೇಳುತ್ತಾರೆ; ಹಾಕಿದ್ದು ನಾವಲ್ಲವಲ್ಲ ಎಂದು ಜಾಗದವರು ಫೋನಿನಲ್ಲಿ ಕೇಳುತ್ತಾರೆ. ಹಾಗಿದ್ದರೆ ಕಾನೂನಿನ ಪ್ರಕಾರ ಇದನ್ನು ತೆಗೆಸಬೇಕಾದವರು ಯಾರು?

ಉತ್ತರ: ವಕೀಲರು, ಮಂಗಳೂರು

ಎಸೆದವರ ಅಪರಾಧ ಮತ್ತು ಜಾಗದವರ ಹೊಣೆ, ಇವೆರಡನ್ನು ಕಾನೂನು ಬೇರೆ ಬೇರೆಯಾಗಿಯೇ ನೋಡುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ತನ್ನ ಆವರಣದ ಹೊರಗೆ ಬೀದಿ, ಬಯಲು, ಚರಂಡಿ ಅಥವಾ ಜಲಮೂಲದಲ್ಲಿ ಕಸ ಎಸೆಯುವುದನ್ನೂ ಸುಡುವುದನ್ನೂ ಹೂಳುವುದನ್ನೂ ನಿಷೇಧಿಸಿದ್ದವು. ಅವುಗಳ ಸ್ಥಾನದಲ್ಲಿ 2026ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಜಾರಿಗೆ ಬಂದಿವೆ. ಇವೆಲ್ಲ ಮುಖ್ಯವಾಗಿ ಕಸ ಉಂಟುಮಾಡುವವರನ್ನು ಕುರಿತವು.

ಜಾಗದ ವಿಷಯಕ್ಕೆ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಅಧಿನಿಯಮವನ್ನು ನೋಡಬೇಕು. ಆರೋಗ್ಯಕ್ಕೆ ಹಾನಿಕರವಾಗಿರುವ ಖಾಸಗಿ ಜಾಗವನ್ನು ಶುಚಿಗೊಳಿಸುವಂತೆ ಆಯುಕ್ತರು ಮಾಲೀಕರಿಗೆ ನೋಟಿಸ್ ಕೊಡಬಹುದು. ಅವರು ಮಾಡದಿದ್ದರೆ ಪಾಲಿಕೆಯೇ ಮಾಡಿಸಿ ಖರ್ಚನ್ನು ಅವರಿಂದ ವಸೂಲು ಮಾಡಬಹುದು. ಆದ್ದರಿಂದ ತೆಗೆಸಬೇಕಾದವರು ಮೊದಲು ಮಾಲೀಕರು, ಅವರು ಕದಲದಿದ್ದರೆ ಪಾಲಿಕೆ.

ನಿಮ್ಮ ವಿವರಣೆಯಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ತೋಡಿಗೆ ಇಳಿಯುತ್ತಿರುವ ಆ ನೀರು. ಅಲ್ಲಿಗೆ ಇದು ಖಾಸಗಿ ಗೋಡೆಯೊಳಗಿನ ವಿಷಯವಾಗಿ ಉಳಿಯದೆ ಸಾರ್ವಜನಿಕ ಉಪದ್ರವವಾಗುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಪ್ರಕರಣದಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 133ರ ಜಾಗದಲ್ಲಿ ಬಂದಿರುವ ಪ್ರಕರಣದಡಿ, ಉಪವಿಭಾಗ ದಂಡಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು. ಇದೇ 133ರ ಅಡಿಯಲ್ಲಿ ಬಂದ, ಮಧ್ಯಪ್ರದೇಶದ ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1980ರಲ್ಲಿ, ಹಣವಿಲ್ಲ ಎಂಬ ಕಾರಣ ಹೇಳಿ ಪುರಸಭೆ ತನ್ನ ನೈರ್ಮಲ್ಯದ ಕರ್ತವ್ಯದಿಂದ ನುಣುಚಿಕೊಳ್ಳುವಂತಿಲ್ಲ ಎಂದು ತೀರ್ಪಿತ್ತಿದೆ.

ಉತ್ತರ: ಉಡುಪಿಯಿಂದ

ವಕೀಲರ ಮಾತನ್ನು ಒಪ್ಪುತ್ತೇನೆ, ಆದರೆ ಮಾಲೀಕರ ಪರವಾಗಿಯೂ ಒಂದು ಮಾತು ಹೇಳಬೇಕೆನಿಸುತ್ತದೆ. ಇಂಗ್ಲೆಂಡಿನ 1990ರ ಪರಿಸರ ಸಂರಕ್ಷಣಾ ಕಾಯ್ದೆಯ 59ನೇ ಪ್ರಕರಣದ ಪ್ರಕಾರ, ಅಕ್ರಮವಾಗಿ ಕಸ ಸುರಿದಿರುವ ಜಾಗದ ಸ್ವಾಧೀನದಾರರಿಗೆ ಸ್ಥಳೀಯ ಸಂಸ್ಥೆ ನೋಟಿಸ್ ಕೊಡಬಹುದಾದರೂ, ಅವರು 21 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿ, ಕಸ ಹಾಕಿದ್ದು ತಾವಲ್ಲ, ಗೊತ್ತಿದ್ದೂ ಹಾಕಲು ಬಿಟ್ಟಿಲ್ಲ ಎಂದು ತೋರಿಸಿಕೊಟ್ಟರೆ ನ್ಯಾಯಾಲಯ ಆ ನೋಟಿಸನ್ನು ರದ್ದುಪಡಿಸುತ್ತದೆ. ನ್ಯೂಯಾರ್ಕ್ ನಗರದಲ್ಲಿ ಇದಕ್ಕಿಂತ ಬಿಗಿ: ಕಟ್ಟಡದ ಮುಂದಿನ ಕಾಲುದಾರಿ ಮಾತ್ರವಲ್ಲ, ರಸ್ತೆಯ ಅಂಚಿನಿಂದ 18 ಇಂಚಿನವರೆಗೆ ಗುಡಿಸಿಡುವುದೂ ಮಾಲೀಕರದ್ದೇ ಹೊಣೆ.

ನನಗೆ ಇಂಗ್ಲೆಂಡಿನ ಕ್ರಮವೇ ಹೆಚ್ಚು ನ್ಯಾಯವೆನಿಸುತ್ತದೆ. ಊರಲ್ಲಿಲ್ಲದವರು ಗೊತ್ತಿಲ್ಲದ್ದಕ್ಕೆ ದಂಡ ತೆರಬಾರದು. ಆದರೆ ಗೊತ್ತಾದ ಮೇಲೂ ಕುಸಿದ ಕಾಂಪೌಂಡನ್ನು ಹಾಗೆಯೇ ಬಿಟ್ಟರೆ ಅದು ಅವರದ್ದೇ ತಪ್ಪು. ಆದ್ದರಿಂದ ಫೋನಿನಲ್ಲಿ ಮಾತಾಡುವುದನ್ನು ನಿಲ್ಲಿಸಿ, ದಿನಾಂಕವಿರುವ ಚಿತ್ರಗಳೊಂದಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳುಹಿಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಜಾಗ ಇಬ್ಬರು ಸಹೋದರರ ಜಂಟಿ ಹೆಸರಿನಲ್ಲಿದೆ ಎಂದು ಕೇಳಿದ್ದೇನೆ. ಯಾರಿಗೆ ಬರೆಯಬೇಕು?

ಉತ್ತರ: ವಕೀಲರು, ಮಂಗಳೂರು

ಇಬ್ಬರಿಗೂ ಬರೆಯಿರಿ, ಪ್ರತಿಯನ್ನು ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಉತ್ತರ: ವಾಮಂಜೂರು ಕಡೆಯವರು

ತೆಗೆಸಿದ ಕಸ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ದಯವಿಟ್ಟು ಯೋಚಿಸಿ. 2019ರ ಆಗಸ್ಟ್ ಮಳೆಯಲ್ಲಿ, ಮಂಗಳೂರಿನ ಕಸ ತಂದು ಸುರಿಯುವ ಪಚ್ಚನಾಡಿಯ ಕಸದ ರಾಶಿ ಜರಿದು ಪಕ್ಕದ ಮಂದಾರ ಎಂಬಲ್ಲಿನ ಮನೆ, ಅಡಿಕೆ ತೋಟಗಳ ಮೇಲೆ ಬಂದು ಬಿತ್ತು. ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಮನೆ ಬಿಡಬೇಕಾಯಿತು. ಖಾಲಿ ಜಾಗದಿಂದ ಬಾಚಿ ತೆಗೆದ ಕಸದಲ್ಲಿ ಹಸಿಯೂ ಒಣದೂ ಕಲಸಿಹೋಗಿರುವುದರಿಂದ ಅದರಿಂದ ಗೊಬ್ಬರವೂ ಸರಿಯಾಗಿ ಆಗದು, ಪ್ಲಾಸ್ಟಿಕ್ಕೂ ಮರುಬಳಕೆಗೆ ಸಿಗದು. ಮಾಲೀಕರಿಗೆ ನೋಟಿಸ್ ಕೊಟ್ಟು ಪ್ರತಿ ತಿಂಗಳು ಒಂದು ಲೋಡ್ ಸಾಗಿಸಿದರೆ ನಿಮ್ಮ ಬೀದಿ ಶುಚಿಯಾದೀತು, ನಮ್ಮ ಕಡೆಯ ಕಸದ ಗುಡ್ಡ ಬೆಳೆಯುತ್ತಲೇ ಇರುತ್ತದೆ.

ಎಸೆಯುವವರನ್ನು ಹಿಡಿಯುವುದು ಅಸಾಧ್ಯವೆಂದು ಕೈಚೆಲ್ಲಬೇಡಿ. ಕೋಳಿ ತ್ಯಾಜ್ಯ ದಿನವೂ ಬೀಳುತ್ತಿದೆಯೆಂದರೆ ಅದು ಹತ್ತಿರದ ಯಾವುದೋ ಅಂಗಡಿಯದ್ದೇ ಇರಬೇಕು, ಅಂಗಡಿಗೆ ಪರವಾನಗಿ ಕೊಡುವುದು ಪಾಲಿಕೆಯೇ. ಚೀಲಗಳಲ್ಲಿ ಬಿಲ್ಲು, ಪಾರ್ಸೆಲ್ ಚೀಟಿಗಳು ಸಿಗುವುದುಂಟು. ಅವುಗಳನ್ನು ನೀವಾಗಿ ಬಿಡಿಸದೆ, ಆರೋಗ್ಯ ನಿರೀಕ್ಷಕರನ್ನು ಸ್ಥಳಕ್ಕೆ ಕರೆಸಿ ಅವರ ಎದುರಿನಲ್ಲೇ ಬಿಚ್ಚಿಸಿ, ಮಹಜರು ಬರೆಸಿಕೊಳ್ಳಿ.