ಅಪ್‌ಡೇಟ್: ಭೂವಿಜ್ಞಾನ ಪದವಿಯ ಆಯ್ಕೆ ಕೊನೆಗೂ ಮುಗಿಯಿತು

ಭೂವಿಜ್ಞಾನದ ಪದವಿಗೆ ಸೇರಲೇ, ಸಾಗರ ಮತ್ತು ವಾತಾವರಣಗಳ ಅಧ್ಯಯನವೂ ಇರುವ ವಿಶಾಲ ಪದವಿಗೆ ಸೇರಲೇ ಎಂದು ಹಿಂದೊಮ್ಮೆ ಇಲ್ಲಿ ಸಲಹೆ ಕೇಳಿದ್ದೆ; ಕೊನೆಗೆ ಮೊದಲನೆಯದನ್ನೇ ಆರಿಸಿಕೊಂಡಿದ್ದೇನೆ. ರ‍್ಯಾಂಕಿಂಗ್ ನೋಡಿ ಎಂಬ ಸಲಹೆಯಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ನಿಜವಾಗಿ ದಾರಿ ತೋರಿಸಿದ್ದು, ಪಠ್ಯಕ್ರಮವನ್ನು ಸೆಮಿಸ್ಟರ್‌ವಾರು ಓದಿ, ಕ್ಷೇತ್ರಕಾರ್ಯ ಕಡ್ಡಾಯವೇ, ಎಲ್ಲಿ ಯಾವ ಶಿಲೆಯಿದೆ ಎಂದು ತೋರಿಸುವ ಭೂವೈಜ್ಞಾನಿಕ ನಕ್ಷೆಯನ್ನು ವಿದ್ಯಾರ್ಥಿಗಳೇ ತಯಾರಿಸುತ್ತಾರೆಯೇ ಎಂದು ವಿಭಾಗದವರನ್ನೇ ವಿಚಾರಿಸಿ ಎಂದವರ ಮಾತು. ಹಾಗೆ ವಿಚಾರಿಸಲು ಹೋದಾಗ, 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದ ಬಸಾಲ್ಟ್ ಎಂಬ ಲಾವಾ ಶಿಲೆಯ ಪದರವನ್ನು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಧ್ರುವೀಕೃತ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಸೋಸಿದ ಬೆಳಕು) ಅದರಲ್ಲಿನ ಆಲಿವೀನ್ ಎಂಬ ಖನಿಜದ ಹರಳುಗಳು ನೀಲಿಯಾಗಿ, ಗುಲಾಬಿಯಾಗಿ ಹೊಳೆದು, ಪದರವನ್ನಿಟ್ಟ ಪೀಠವನ್ನು ತಿರುಗಿಸಿದಂತೆ ಕಪ್ಪಾಗುತ್ತಿದ್ದವು. ನನ್ನ ಮನಸ್ಸು ಗಟ್ಟಿಯಾದದ್ದು ಅಲ್ಲಿಯೇ. ನಾನು ನಿರೀಕ್ಷಿಸದಿದ್ದ ಸಂಗತಿಯೆಂದರೆ, ಮುಂದೆ ಭೂಭೌತವಿಜ್ಞಾನದತ್ತ, ಅಂದರೆ ಭೌತವಿಜ್ಞಾನದ ವಿಧಾನಗಳಿಂದ ಭೂಮಿಯನ್ನು ಅರಿಯುವ ಶಾಖೆಯತ್ತ, ಹೋಗುವವರಿಗೆ ಕಲನಶಾಸ್ತ್ರ ಮತ್ತು ಭೌತವಿಜ್ಞಾನದ ತಳಹದಿ ಬೇಕೇ ಬೇಕು. ಆದ್ದರಿಂದ ಆ ವಿಷಯಗಳನ್ನು ಜೊತೆಯಲ್ಲಿ ಓದಲು ಅವಕಾಶವಿದೆಯೇ ಎಂಬುದನ್ನು ಸೇರುವ ಮೊದಲೇ ಖಚಿತಪಡಿಸಿಕೊಳ್ಳಿ.